ಮಕ್ಕಳ ಸುರಕ್ಷತಾ ದಾಖಲೆ: ಚದುರಿದ ಟಿಪ್ಪಣಿಗಳನ್ನು ಒಂದೆಡೆ ತಂದ ಬಗೆ

ನಮ್ಮ ಶಾಲೆಯಲ್ಲಿ ಒಂದೇ ಮಗುವಿನ ಬಗ್ಗೆ ಮೂವರು ಶಿಕ್ಷಕರು ಮೂರು ಕಡೆ ಆತಂಕ ಬರೆದಿಟ್ಟಿದ್ದರೂ ಅವನ್ನು ಒಟ್ಟಿಗೆ ಓದಿದವರು ಯಾರೂ ಇರಲಿಲ್ಲ. ಎಲ್ಲರಿಗೂ ಒಂದೇ ರಿಜಿಸ್ಟರ್ ಇಟ್ಟಾಗ, ಬರೆಯಲು ತೆರೆದವರಿಗೆಲ್ಲ ಬೇರೆ ಮಕ್ಕಳ ವಿವರವೂ ಕಾಣತೊಡಗಿತು. ವಾಟ್ಸ್‌ಆ್ಯಪ್ ಗುಂಪು ಇನ್ನೂ ಅಪಾಯಕಾರಿಯಾಗಿತ್ತು. ಉದ್ದನೆಯ ನಮೂನೆಯನ್ನು ಯಾರೂ ತುಂಬಲಿಲ್ಲ.

ಕೊನೆಗೆ ಫಲಿಸಿದ್ದು ಮಗುವಿಗೊಂದು ಪ್ರತ್ಯೇಕ ಕಡತ, ಅದರ ಮೊದಲ ಪುಟದಲ್ಲಿ ದಿನಾಂಕವಾರು ಘಟನೆಗಳ ಪಟ್ಟಿ. ಕಂಡವರೇ ಅದೇ ದಿನ, ಸಮಯ ನಮೂದಿಸಿ, ಮಗುವಿನ ಮಾತನ್ನು ತಿದ್ದದೆ ಬರೆದು ಸಹಿ ಮಾಡಬೇಕು. ‘ಮನೆಯಲ್ಲಿ ಹೊಡೆಯುತ್ತಿರಬಹುದು’ ಎಂಬುದು ಊಹೆ. ‘ಎಡ ಮುಂಗೈ ಮೇಲೆ ನಾಣ್ಯದಗಲದ ನೀಲಿ ಕಲೆ, ಕೇಳಿದಾಗ “ಬಿದ್ದೆ” ಎಂದಳು’ ಎಂಬುದು ದಾಖಲೆ. ಅಭಿಪ್ರಾಯವಿದ್ದರೆ ಅದನ್ನು ಅಭಿಪ್ರಾಯವೆಂದೇ ಗುರುತಿಸಿ ಕೆಳಗೆ ಬರೆಯಬೇಕು. ನಂತರದ ಅಂಕಣದಲ್ಲಿ ಯಾರು ಏನು ನಿರ್ಧರಿಸಿದರು, ಏಕೆ ಎಂಬುದಿರಬೇಕು. ಕ್ರಮ ಕೈಗೊಳ್ಳದಿದ್ದರೆ ಅದರ ಕಾರಣವೂ ಬೇಕು, ಹೆಚ್ಚಾಗಿ ಖಾಲಿ ಉಳಿಯುತ್ತಿದ್ದುದು ಇದೇ. ತಪ್ಪಾದರೆ ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು ಸಹಿ ಹಾಕಬೇಕು.

ಕಡತಗಳು ಬೀಗದೊಳಗಿದ್ದು, ಮಕ್ಕಳ ಸುರಕ್ಷತೆಯ ಹೊಣೆ ಹೊತ್ತ ಶಿಕ್ಷಕರು ವಾರಕ್ಕೊಮ್ಮೆ ಮೊದಲ ಪುಟಗಳನ್ನು ಓದುತ್ತಾರೆ. ಮಗು ಶಾಲೆ ಬದಲಿಸಿದಾಗ ಈ ಕಡತವನ್ನು ಅಂಕಪಟ್ಟಿಯೊಂದಿಗೆ ಸೇರಿಸದೆ ಪ್ರತ್ಯೇಕವಾಗಿ ಕಳುಹಿಸಿ, ಸ್ವೀಕೃತಿ ಪಡೆಯುತ್ತೇವೆ.