ಇಂಗ್ಲಿಷ್ ಸ್ಪೆಲ್ಲಿಂಗ್: ಮೊದಲು ಕಿವಿ, ಆಮೇಲೆ ಅಕ್ಷರ

ನನ್ನ ತಂಗಿಯ ಮಗಳಿಗೆ ಐದು ವರ್ಷ. ಮೊನ್ನೆ ಇಂಗ್ಲಿಷಿನಲ್ಲಿ ‘ಬಸ್’ ಬರೆಯಲು ಹೇಳಿದರೆ ಸ್ಲೇಟಿನ ಮೇಲೆ ಬಿ, ಯು, ಎಸ್ ಬರೆದು, ಸ್ವಲ್ಪ ಯೋಚಿಸಿ, ಕೊನೆಗೆ ಇನ್ನೊಂದು ಯು ಸೇರಿಸಿದಳು. ಅಳಿಸಲು ಬಟ್ಟೆ ಹುಡುಕುತ್ತಿದ್ದ ಅವಳ ಅಮ್ಮನನ್ನು ನಾನೇ ತಡೆದೆ. ಮನೆಯಲ್ಲಿ ನಾವೆಲ್ಲ ಹೇಳುವುದು ‘ಬಸ್ಸು ಬಂತು’ ಎಂದೇ ತಾನೆ? ಕಿವಿಗೆ ಬಿದ್ದದ್ದನ್ನು ಹುಡುಗಿ ಪ್ರಾಮಾಣಿಕವಾಗಿ ಬರೆದಿದ್ದಳು. ಸ್ಪೆಲ್ಲಿಂಗ್ ಕಲಿಕೆ ಶುರುವಾಗುವುದು ಇಲ್ಲಿಂದಲೇ.

ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದುಗಳು ಸುಮಾರು 44. ಹಾಗಾಗಿ ಒಂದೊಂದು ಅಕ್ಷರಕ್ಕೂ ಎರಡು ಮೂರು ವೇಷ. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಒಂದೇ ಮದ್ದು, ಉರು ಹೊಡೆಯುವುದು: ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು’. ಆದರೆ ಆ ಮೂರು ಹೆಸರುಗಳನ್ನು ಎಷ್ಟು ಬೇಗ ಹೇಳಿದರೂ ‘ಸಿಯೇಟಿ’ ಆದೀತೇ ಹೊರತು ಕ್ಯಾಟ್ ಆಗದು.

ಆದ್ದರಿಂದ ಮೊದಲು ಪುಸ್ತಕ ಮುಚ್ಚಿಡಿ. ಒಂದು ಕಾಗದದ ಮೇಲೆ ಅಕ್ಕಪಕ್ಕ ಮೂರು ಚೌಕ ಬರೆದು, ಮಗುವಿನ ಕೈಗೆ ಮೂರು ಹುಣಿಸೆ ಬೀಜ ಕೊಡಿ. ‘ಬಸ್’ ಎಂದು ನಿಧಾನವಾಗಿ ಎಳೆದು ಹೇಳುತ್ತ ಒಂದೊಂದು ಸದ್ದಿಗೆ ಒಂದೊಂದು ಬೀಜವನ್ನು ಚೌಕದೊಳಗೆ ತಳ್ಳಬೇಕು: ಬ್, ಅ, ಸ್. ಈ ಚೌಕಗಳ ಆಟ ಸೋವಿಯತ್ ಮನೋವಿಜ್ಞಾನಿ ಎಲ್ಕೋನಿನ್ ಅವರ ಹೆಸರಿನಲ್ಲಿ ಪ್ರಸಿದ್ಧ. ಕನ್ನಡದ ಮಗು ಮೊದಮೊದಲು ಎರಡೇ ಬೀಜ ತಳ್ಳುತ್ತದೆ, ‘ಬ’ಗೆ ಒಂದು, ‘ಸ್ಸು’ಗೆ ಒಂದು. ನಮ್ಮ ಅಕ್ಷರಗಳಲ್ಲಿ ವ್ಯಂಜನದ ಬೆನ್ನಿಗೆ ಸ್ವರ ಅಂಟಿಕೊಂಡೇ ಇರುವುದರಿಂದ ಹೀಗಾಗುತ್ತದೆ. ಬಿಡಿಸುವ ದಾರಿಯೂ ನಮ್ಮಲ್ಲೇ ಇದೆ. ಬ್ ಮತ್ತು ಅ ಸೇರಿ ಬ, ಬ್ ಮತ್ತು ಇ ಸೇರಿ ಬಿ ಎಂಬ ಕಾಗುಣಿತ ಗೊತ್ತಿರುವ ಮಗುವಿಗೆ ಅರ್ಧಾಕ್ಷರ ಹೊಸದಲ್ಲ. ‘ಬ’ ಎನ್ನದೆ ‘ಬ್’ ಎಂದು ತುಟಿ ಬಿಗಿಹಿಡಿದು ಹೇಳಿಕೊಡಿ. ಇಷ್ಟೊಂದು ಸಲೀಸಾದ ಸಾಧನ ಲಂಡನ್ನಿನ ಮಗುವಿಗೂ ಇಲ್ಲ; ನಾವೇ ಅದನ್ನು ಅಟ್ಟಕ್ಕೆ ಹಾಕಿದ್ದೇವೆ.

ಇನ್ನು ಅಕ್ಷರಗಳು. ಎ, ಬಿ, ಸಿ ಎಂದು ಸಾಲಾಗಿ ಹೋಗುವ ಅಗತ್ಯವಿಲ್ಲ. ಇಂಗ್ಲೆಂಡಿನ ಎಷ್ಟೋ ಶಾಲೆಗಳಲ್ಲಿ ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಆರಂಭಿಸುತ್ತಾರೆ. ಇಷ್ಟರಲ್ಲೇ ಪಿನ್, ಟಿನ್, ಟ್ಯಾಪ್, ಸಿಪ್, ಸ್ಯಾಟ್ ಎಲ್ಲವೂ ಆಗುತ್ತವೆ. ಅಕ್ಷರದ ಹೆಸರಿಗಿಂತ ಸದ್ದು ಮುಂಚೆ ಬರಲಿ. ‘ಡಬ್ಲ್ಯೂ’ ಎಂಬ ಹೆಸರು ಶುರುವಾಗುವುದು ಡ್ ಸದ್ದಿನಿಂದ. ‘ವೈ’ ಎಂಬ ಹೆಸರಿನಲ್ಲಿ ಯ್ ಸದ್ದೇ ಇಲ್ಲ. ‘ಎಚ್’ ಎನ್ನಬೇಕಾದಲ್ಲಿ ‘ಹೆಚ್’ ಎನ್ನುವವರನ್ನು ನಾವು ನಗುತ್ತೇವೆ, ಆದರೆ ಮಗುವಿಗೆ ಹ್ ಸದ್ದಿನ ಸುಳಿವು ಕೊಡುವವರು ಅವರೇ.

ಕೂಡಿಸಿ ಓದುವಾಗ ನಡುವೆ ಉಸಿರು ಕಡಿಯಬಾರದು. ಸ್, ನ್ ಎಳೆಯಲು ಬರುವ ಸದ್ದುಗಳು, ಟ್, ಪ್ ಹಾಗಲ್ಲ. ಆದ್ದರಿಂದ ಎಸ್, ಎನ್‌ಗಳಿಂದ ಶುರುವಾಗುವ ಪದಗಳನ್ನೇ ಮೊದಲು ಆರಿಸಿಕೊಳ್ಳಿ. ಮಗು ನಿಜಕ್ಕೂ ಓದುತ್ತಿದೆಯೋ, ಚಿತ್ರ ನೋಡಿ ಊಹಿಸುತ್ತಿದೆಯೋ ಎಂಬ ಅನುಮಾನ ಬಂದರೆ ‘ನಿಸ್’ ಎಂಬಂಥ ಅರ್ಥವಿಲ್ಲದ ಪದ ಬರೆದು ಕೊಡಿ. 2012ರಿಂದ ಇಂಗ್ಲೆಂಡಿನಲ್ಲಿ ಆರು ವರ್ಷದ ಆಸುಪಾಸಿನ ಮಕ್ಕಳಿಗೆ 40 ಪದಗಳ ಒಂದು ಪರೀಕ್ಷೆಯಿದೆ. ಅದರಲ್ಲಿ ಅರ್ಧಕ್ಕರ್ಧ ಇಂಥ ಸುಳ್ಳು ಪದಗಳೇ.

ಬರವಣಿಗೆಯಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ಕೇಳಿದಂತೆ ಬರೆಯಲಿ. ಶಾಲೆಗೆ ಇನ್ನೂ ಸೇರದ ಅಮೆರಿಕದ ಮಕ್ಕಳು ‘ಟ್ರೇನ್’ ಪದವನ್ನು ಸಿ, ಎಚ್ ಹಾಕಿ ಶುರುಮಾಡುವುದನ್ನು ಭಾಷಾವಿಜ್ಞಾನಿ ಚಾರ್ಲ್ಸ್ ರೀಡ್ 1971ರಲ್ಲೇ ದಾಖಲಿಸಿದ್ದರು. ಅವರ ಬಾಯಲ್ಲಿ ಆರ್‌ಗಿಂತ ಮುಂಚಿನ ಟಿ ‘ಚ್’ ಕಡೆಗೆ ಜಾರುತ್ತದೆ. ಮಕ್ಕಳ ಕಿವಿ ತಪ್ಪಿರಲಿಲ್ಲ. ನಮ್ಮ ಟಕಾರ ಗಟ್ಟಿ, ಹಾಗೆ ಜಾರುವುದಿಲ್ಲ. ನಮ್ಮ ಮಕ್ಕಳು ಎಡವುವುದು ‘ವಿ’ ಮತ್ತು ‘ಡಬ್ಲ್ಯೂ’ ನಡುವೆ. ಒದ್ದೆಯೂ ವೆಟ್, ಪಶುವೈದ್ಯನೂ ವೆಟ್. ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ. ಮೇಲಿನ ಹಲ್ಲು ಕೆಳತುಟಿಗೆ ತಗುಲಿದರೆ ವಿ. ಹಲ್ಲು ತಗುಲದೆ, ಸೀಟಿ ಹೊಡೆಯುವಂತೆ ತುಟಿ ದುಂಡಗಾದರೆ ಡಬ್ಲ್ಯೂ. ಮೊದಲು ನೀವು ಮಾಡಿ ತೋರಿಸಬೇಕು. ನನಗೆ ಎರಡು ದಿನ ಹಿಡಿಯಿತು.

ಎರಡು ಅಕ್ಷರ ಸೇರಿ ಒಂದೇ ಸದ್ದಾಗುವ ಶ್, ಚ್‌ಗಳನ್ನು, ಪದದ ಕೊನೆಯ ಮೂಕ ‘ಇ’ಯನ್ನು ಆಮೇಲೆ ನೋಡಿಕೊಂಡರಾಯಿತು. ‘ನೈಫ್’ ಪದದ ಮೊದಲಲ್ಲಿ ಸುಮ್ಮನೆ ಕೂತಿರುವ ಕೆ ಒಂದಾನೊಂದು ಕಾಲಕ್ಕೆ ಸದ್ದು ಮಾಡುತ್ತಿತ್ತು; ಉಚ್ಚಾರ ಬದಲಾಯಿತು, ಸ್ಪೆಲ್ಲಿಂಗ್ ಅಲ್ಲೇ ಉಳಿಯಿತು. ಇಂಥ ಪದಗಳಲ್ಲಿ ಮೊಂಡು ಹಿಡಿದ ಅಕ್ಷರದ ಕೆಳಗೆ ಮಾತ್ರ ಕೆಂಪು ಗೆರೆ ಎಳೆದು ಅಷ್ಟನ್ನೇ ನೆನಪಿಡಿಸಿ. ದಿನಕ್ಕೆ ಹತ್ತು ನಿಮಿಷ ಸಾಕು.

ಆ ಸಂಜೆ ನಮ್ಮ ಹುಡುಗಿ ಮೂರೂ ಬೀಜ ತಳ್ಳಿ, ಕೊನೆಯ ‘ಉ’ಗೆ ಬೀಜವಿಲ್ಲವೆಂದು ಕೈಚಾಚಿದಳು. “ಅದು ಕನ್ನಡದ ಬಸ್ಸಿಗೆ” ಎಂದೆ. ಡಬ್ಬಿಯಿಂದ ತಾನೇ ಇನ್ನೊಂದು ಬೀಜ ತೆಗೆದು ಚೌಕಗಳ ಹೊರಗೆ ಇಟ್ಟುಕೊಂಡಳು.