ಮುಹೂರ್ತ ತಪ್ಪದಂತೆ ಕ್ಯಾಲೆಂಡರ್ ಫೈಲ್ ಮಾಡುವುದು ಹೇಗೆ?

ಸಾಗರ, ತೀರ್ಥಹಳ್ಳಿ ಕಡೆ ಲಗ್ನಪತ್ರಿಕೆಯ ಫೋಟೊ ಜತೆಗೆ ಕ್ಯಾಲೆಂಡರ್ ಫೈಲನ್ನೂ ವಾಟ್ಸ್ಆ್ಯಪ್‌ಗೆ ಹಾಕುವವರಿದ್ದಾರೆ. ಒಳ್ಳೆಯ ಕೆಲಸ. ಫೋಟೊ ನಾಲ್ಕು ದಿನದಲ್ಲಿ ಗ್ರೂಪಿನೊಳಗೆ ಹೂತುಹೋಗುತ್ತದೆ. ಡಾಟ್ ಐಸಿಎಸ್ (.ics) ಎಂದು ಕೊನೆಯಾಗುವ ಈ ಕ್ಯಾಲೆಂಡರ್ ಫೈಲಾದರೆ ನೆಂಟರ ಫೋನಿನ ಕ್ಯಾಲೆಂಡರಿನಲ್ಲೇ ಉಳಿಯುತ್ತದೆ. ಒಂದೆರಡು ಕೆಬಿ ಅಷ್ಟೇ, ಘಟ್ಟದ ಮೂಲೆಯ ಮನೆಯಲ್ಲೂ ಇಳಿಯುತ್ತದೆ. ಆದರೆ ಬೆಳಗ್ಗೆ 10.40ರ ಮುಹೂರ್ತವನ್ನು ಸಂಜೆ 4.10 ಎಂದು ತೋರಿಸುವ ಫೈಲುಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ಹಂತ 1: ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು, ಈ ಕಾರ್ಯಕ್ರಮಕ್ಕೆಂದೇ ಹೊಸ ಕ್ಯಾಲೆಂಡರ್ ಮಾಡಿ. ಇದನ್ನು ಬಿಡಲೇಬಾರದು. ಫೈಲ್ ಇಳಿಸಿಕೊಳ್ಳಲು ಎಕ್ಸ್‌ಪೋರ್ಟ್ ಒತ್ತಿದರೆ ಇಡೀ ಕ್ಯಾಲೆಂಡರ್ ಹೊರಬರುತ್ತದೆ. ನಿಮ್ಮ ಡಾಕ್ಟರ್ ಭೇಟಿ, ಸೊಸೈಟಿ ಸಾಲದ ಕಂತು ಎಲ್ಲವೂ ಬೀಗರ ಫೋನಿಗೆ ಹೋದಾವು.

ಹಂತ 2: ಹೆಸರು, ದಿನ, ಸಮಯ, ಜಾಗ ತುಂಬಿ. ಛತ್ರದ ಹೆಸರಿನೊಂದಿಗೆ ಊರು, ತಾಲ್ಲೂಕು ಇರಲಿ. ರಾತ್ರಿ 9.30ಕ್ಕೆ ಶುರುವಾಗಿ ಬೆಳಗಿನವರೆಗೆ ನಡೆಯುವ ಯಕ್ಷಗಾನವಾದರೆ ಮುಗಿಯುವ ದಿನಾಂಕ ಮರುದಿನದ್ದು.

ಹಂತ 3: ಆ ಕ್ಯಾಲೆಂಡರಿನ ಸೆಟ್ಟಿಂಗ್ಸ್‌ನಿಂದ ಎಕ್ಸ್‌ಪೋರ್ಟ್ ಮಾಡಿ. ಜಿಪ್ ಆಗಿ ಬಂದರೆ ಬಿಚ್ಚಿಕೊಳ್ಳಿ. ಪುಕ್ಕಟೆ ಫೈಲ್ ಮಾಡಿಕೊಡುತ್ತೇವೆನ್ನುವ ವೆಬ್‌ಸೈಟುಗಳ ಸಹವಾಸ ಬೇಡ. ಮನೆಯ ವಿಳಾಸ, ಫೋನ್ ನಂಬರನ್ನು ಗುರುತಿಲ್ಲದವರ ಕೈಗೆ ಯಾಕೆ ಕೊಡಬೇಕು?

ಹಂತ 4: ಎಡವಟ್ಟಾಗುವುದು ಇಲ್ಲೇ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಶುರುವಾಗುವ ಸಮಯ ಹೇಳುವ ಡಿಟಿಸ್ಟಾರ್ಟ್ (DTSTART) ಎಂಬ ಸಾಲು ಸಿಗುತ್ತದೆ. ವರ್ಷ, ತಿಂಗಳು, ದಿನ ಒತ್ತಾಗಿ, ನಂತರ ಇಂಗ್ಲಿಷಿನ ಟಿ ಅಕ್ಷರ, ಆಮೇಲೆ ಗಂಟೆ, ನಿಮಿಷ, ಸೆಕೆಂಡು. '10.40 ಅಂತ ಕೊಟ್ಟಿದ್ದೆ, ಇಲ್ಲಿ 051000 ಅಂತಿದೆಯಲ್ಲ' ಎಂದು ಗಾಬರಿಬಿದ್ದು ಅದನ್ನು 104000 ಎಂದು ತಿದ್ದಿಬಿಡುತ್ತಾರೆ. ದಯವಿಟ್ಟು ತಿದ್ದಬೇಡಿ. ಸಾಲಿನ ಕೊನೆಯಲ್ಲಿ ಝಡ್ (Z) ಅಕ್ಷರವಿದೆ, ನೋಡಿ. ಅದು ಇದ್ದರೆ ಸಮಯ ಯುಟಿಸಿಯದ್ದು, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 5.10ಕ್ಕೆ ಐದೂವರೆ ತಾಸು ಕೂಡಿದರೆ 10.40, ಸರಿಯಾಗಿಯೇ ಇದೆ. ನೀವು ತಿದ್ದಿದ್ದರೆ ಫೋನು 10.40ಕ್ಕೇ ಐದೂವರೆ ತಾಸು ಕೂಡಿ ಸಂಜೆ 4.10 ಮಾಡುತ್ತದೆ.

ಕೆಲವರು ಝಡ್ ಅನ್ನೂ ಅಳಿಸುತ್ತಾರೆ. ಊರಿನ ಫೋನುಗಳಲ್ಲಿ ಆಗ 10.40 ಎಂದೇ ಕಾಣುವುದರಿಂದ ತಪ್ಪು ಯಾರಿಗೂ ಗೊತ್ತಾಗದು. ದುಬೈಯಲ್ಲಿರುವ ತಮ್ಮನ ಫೋನು ಮಾತ್ರ ಅಲ್ಲಿನ 10.40 ಎಂದುಕೊಳ್ಳುತ್ತದೆ, ಅಂದರೆ ಇಲ್ಲಿಯ 12.10. ಅವನು ಲೈವ್ ನೋಡಲು ಕೂರುವಾಗ ಧಾರೆ ಮುಗಿದು ಊಟದ ಪಂಕ್ತಿ ಎದ್ದಿರುತ್ತದೆ.

ಇಡೀ ದಿನದ ಕಾರ್ಯಕ್ರಮಗಳಲ್ಲೂ ಹೀಗೇ ಗಾಬರಿಯಾಗುವುದುಂಟು. ಮುಗಿಯುವುದನ್ನು ಹೇಳುವ ಡಿಟಿಎಂಡ್ (DTEND) ಸಾಲಿನಲ್ಲಿ ಮುಗಿದ ಮರುದಿನದ ದಿನಾಂಕ ಇರುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆ ಒಂಬತ್ತು ದಿನವಾದರೆ ಅಲ್ಲಿ ಹತ್ತನೆಯ ದಿನ ಕಾಣಬೇಕು. ಕಂಡರೆ ಹಾಗೇ ಬಿಡಿ.

ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ವರ್ಡ್‌ನಲ್ಲಂತೂ ತೆರೆಯಲೇಬೇಡಿ.

ಹಂತ 5: ಮನೆಯ ಇನ್ನೊಂದು ಫೋನಿಗೆ ಡಾಕ್ಯುಮೆಂಟ್ ಆಗಿ ಕಳಿಸಿ, ತೆರೆದು ನೋಡಿ, ಆಮೇಲೆ ಗ್ರೂಪಿಗೆ ಹಾಕಿ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಒತ್ತಿದ ಕೂಡಲೇ ತೆರೆಯದು, ಹಾಗಾಗಿ ದಿನ, ಸಮಯವನ್ನು ಕೆಳಗೆ ಕನ್ನಡದಲ್ಲೂ ಬರೆಯಿರಿ.

ಸಮಯ ಬದಲಾದರೆ ಹೊಸ ಕಾರ್ಯಕ್ರಮ ಮಾಡಬೇಡಿ. ಹಳೆಯದನ್ನೇ ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಎಂಬ ಗುರುತು ಇರುತ್ತದೆ. ಹೊಸದು ಮಾಡಿದರೆ ಗುರುತೂ ಹೊಸದಾಗಿ, ನೆಂಟರ ಕ್ಯಾಲೆಂಡರಿನಲ್ಲಿ ಒಂದೇ ಮದುವೆಗೆ ಎರಡು ಮುಹೂರ್ತ ಕೂರುತ್ತವೆ.