ಫ್ಲೋರೈಡ್ ಬಿಡುವ ಫಿಲ್ಲಿಂಗ್: ನಾನು ಎಲ್ಲಿ ಹಾಕುತ್ತೇನೆ, ಹೇಗೆ ಹಾಕುತ್ತೇನೆ

ಹುಳುಕು ಹಲ್ಲಿನ ತೂತು ಮುಚ್ಚುವುದು ಅಷ್ಟೇನೂ ಕಷ್ಟವಲ್ಲ. ಕೆಲವು ವರ್ಷ ಬಿಟ್ಟು ಅದೇ ಫಿಲ್ಲಿಂಗಿನ ಅಂಚಿನಲ್ಲಿ ಮತ್ತೆ ಹುಳುಕು ಕಾಣಿಸಿಕೊಳ್ಳುತ್ತದಲ್ಲ, ದಂತವೈದ್ಯರಿಗೆ ನಿಜವಾದ ತಲೆನೋವು ಅದು. ಅದಕ್ಕೇ ಕೆಲವರ ಬಾಯಿಗೆ ನಾನು ಕಾಂಪೊಸಿಟ್ (ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್) ಬಿಟ್ಟು, ಫ್ಲೋರೈಡ್ ಬಿಡುವ ಗ್ಲಾಸ್ ಅಯಾನೊಮರ್ ಸಿಮೆಂಟ್ ಹಾಕುತ್ತೇನೆ.

ಇದನ್ನು ಮೊದಲು ತಯಾರಿಸಿದವರು ಇಂಗ್ಲೆಂಡಿನ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್. ಅವರ ವರದಿ 1970ರ ದಶಕದ ಶುರುವಿನಲ್ಲಿ ಹೊರಬಂತು. ಫ್ಲೋರೈಡ್ ಇರುವ ಗಾಜಿನ ಪುಡಿಗೆ ಪಾಲಿಅಕ್ರಿಲಿಕ್ ಆಮ್ಲ ಸೇರಿಸಿ ಕಲಸಿದರೆ ಅದು ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ಒಳಗಿನ ಫ್ಲೋರೈಡ್ ಅಯಾನುಗಳು ಸ್ವಲ್ಪಸ್ವಲ್ಪವೇ ಹೊರಬರುತ್ತಿರುತ್ತವೆ. ಮೊದಲ ಒಂದೆರಡು ದಿನ ಜಾಸ್ತಿ, ಆಮೇಲೆ ಜಿನುಗು ಮಾತ್ರ. ಸುತ್ತ ಹುಳಿ, ಅಂದರೆ ಆಮ್ಲ, ಏರಿದಾಗ ಮತ್ತೆ ಹೆಚ್ಚು ಬರುತ್ತದೆ. ನಮಗೆ ಬೇಕಾಗಿದ್ದೂ ಅದೇ ಹೊತ್ತಿನಲ್ಲಿ ಅಲ್ವಾ?

ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಹಲ್ಲನ್ನು ಹುಳುಕು ಮಾಡುವ ಆಮ್ಲ ಮಾಡುತ್ತದೆ. ಹುಳಿ ಇರುವ ಕಡೆ ಫ್ಲೋರೈಡು ಹೈಡ್ರೋಜನ್ ಜೊತೆ ಸೇರಿ ಬ್ಯಾಕ್ಟೀರಿಯಾದ ಜೀವಕೋಶದೊಳಗೆ ನುಗ್ಗುತ್ತದೆ. ಅಲ್ಲಿ ಸಕ್ಕರೆ ಅರಗಿಸುವ ಎನೊಲೇಸ್ ಎಂಬ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ. ಆಮ್ಲ ಕಡಿಮೆಯಾಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಬ್ಯಾಕ್ಟೀರಿಯಾ ಎಲ್ಲ ಸತ್ತೇಹೋಗುತ್ತದೆ ಅಂತ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಈ ಪರಿಣಾಮ ಚೆನ್ನಾಗಿ ಕಾಣುತ್ತದೆ. ಬಾಯಿಯೊಳಗೆ ಅದು ಹೊಸ ಹುಳುಕನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬ ಬಗ್ಗೆ ಅಧ್ಯಯನಗಳಲ್ಲೇ ಒಮ್ಮತವಿಲ್ಲ.

ಹಾಗಿದ್ದರೂ ಯಾಕೆ ಹಾಕುತ್ತೇನೆ? ವಸಡು ಕೆಳಗೆ ಸರಿದು ಬೇರು ಹುಳುಕಾದ ಹಿರಿಯರು, ಜೊಲ್ಲು ಒಣಗಿದವರು, ಒಂದು ನಿಮಿಷ ಬಾಯಿ ತೆರೆದಿರಲೂ ಆಗದ ಮಕ್ಕಳ ಹಾಲು ಹಲ್ಲು. ಇಂಥ ಕಡೆ ಜಾಗವನ್ನು ಪೂರ್ತಿ ಒಣಗಿಸುವುದು ಆಗದ ಮಾತು. ಕಾಂಪೊಸಿಟಿಗೆ ಒಣ ಜಾಗ ಬೇಕೇ ಬೇಕು. ಗ್ಲಾಸ್ ಅಯಾನೊಮರ್ ಸ್ವಲ್ಪ ತೇವ ತಡೆದುಕೊಳ್ಳುತ್ತದೆ, ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ಬೆಸೆದುಕೊಳ್ಳುತ್ತದೆ. ನಿಜ ಹೇಳಬೇಕೆಂದರೆ, ಫ್ಲೋರೈಡಿಗಿಂತ ನನಗೆ ಇಷ್ಟವಾಗುವುದು ಈ ಅಂಟುವ ಗುಣವೇ.

ಕೈಚಳಕ ಬೇಕಾಗುವುದು ಕಲಸುವಾಗ. ಮೊದಲು ಹುಳುಕಿನ ಅಂಚನ್ನೆಲ್ಲ ಚೊಕ್ಕಟ ಮಾಡುತ್ತೇನೆ. ಹಲ್ಲಿನ ನರದ ಹತ್ತಿರವಿರುವ ಮೆತ್ತನೆಯ ಭಾಗವನ್ನು ಪೂರ್ತಿ ಕೆರೆಯುವುದಿಲ್ಲ. ಸುತ್ತ ಸರಿಯಾಗಿ ಮುಚ್ಚಿದರೆ ಅಲ್ಲಿನ ಹುಳುಕು ಮುಂದೆ ಹಬ್ಬದೆ ಅಲ್ಲೇ ನಿಲ್ಲುತ್ತದೆ. ಆಮೇಲೆ ತೆಳು ಪಾಲಿಅಕ್ರಿಲಿಕ್ ಆಮ್ಲವನ್ನು ಹತ್ತು ಹದಿನೈದು ಸೆಕೆಂಡ್ ಸವರಿ ತೊಳೆಯುತ್ತೇನೆ. ಗಾಳಿ ಊದಿ ಒಣಗಿಸುವುದಿಲ್ಲ, ಹತ್ತಿಯಿಂದ ಒತ್ತಿ ತೆಗೆದರೆ ಸಾಕು. ಕಲಸಿದ ಸಿಮೆಂಟಿಗೆ ಒದ್ದೆ ಹೊಳಪು ಇರುವಾಗಲೇ ತುಂಬಬೇಕು. ಹೊಳಪು ಹೋಗಿ ಮಂಕಾಯಿತೋ, ಅದು ಹಲ್ಲಿಗೆ ಅಂಟುವುದಿಲ್ಲ. ಅದನ್ನು ಎಸೆದು ಹೊಸದಾಗಿ ಕಲಸುತ್ತೇನೆ. ಪುಡಿ ಕಡಿಮೆ ಹಾಕಿ ತೆಳ್ಳಗೆ ಕಲಸುವ ಆಸೆ ಎಲ್ಲರಿಗೂ ಬರುತ್ತದೆ, ಯಾಕೆಂದರೆ ಸಲೀಸಾಗಿ ಹರಿಯುತ್ತದೆ. ಆದರೆ ಅಂಥದು ಬೇಗ ಸವೆಯುತ್ತದೆ. ಪುಡಿ, ದ್ರವ ಎರಡನ್ನೂ ಮೊದಲೇ ಅಳೆದು ತುಂಬಿಟ್ಟ ಕ್ಯಾಪ್ಸೂಲ್ ಸಿಕ್ಕರೆ ನಾನು ಅದನ್ನೇ ಬಳಸುತ್ತೇನೆ, ಅಳತೆಯ ರಗಳೆ ಇರುವುದಿಲ್ಲ.

ತುಂಬಿದ ತಕ್ಷಣ ಗ್ಲೌಸ್ ಹಾಕಿದ ಬೆರಳಿಗೆ ವ್ಯಾಸಲಿನ್ ಸವರಿ ಒತ್ತಿ ಹಿಡಿಯುತ್ತೇನೆ. ಗಟ್ಟಿಯಾದ ಮೇಲೆ ವಾರ್ನಿಶ್ ಬಳಿಯುತ್ತೇನೆ. ಶುರುವಿನಲ್ಲಿ ನೀರು ತಾಗಿದರೆ ಮೇಲ್ಪದರ ಕರಗುತ್ತದೆ, ತೀರಾ ಒಣಗಿದರೆ ಬಿರುಕು ಬಿಡುತ್ತದೆ. ಈ ಸಿಮೆಂಟು ಅಷ್ಟು ನಾಜೂಕು.

ಮನೆಗೆ ಹೊರಟವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ. ಈ ಫಿಲ್ಲಿಂಗ್ ಬ್ಯಾಟರಿ ಇದ್ದ ಹಾಗೆ, ಖಾಲಿಯಾಗುತ್ತಾ ಹೋಗುತ್ತದೆ, ನೀವೇ ಚಾರ್ಜ್ ಮಾಡಬೇಕು. ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆ ಎರಡು ಸಲ ಉಜ್ಜಿದರೆ ಸಿಮೆಂಟು ಅದರಿಂದ ಸ್ವಲ್ಪ ಫ್ಲೋರೈಡ್ ಹೀರಿಕೊಂಡು ಮತ್ತೆ ಬಿಡುತ್ತದೆ. ಉಜ್ಜದವರ ಬಾಯಲ್ಲಿ ಯಾವ ಅಯಾನೂ ಏನೂ ಮಾಡಲಾರದು.

ದೊಡ್ಡವರ ದವಡೆ ಹಲ್ಲಿನ ದೊಡ್ಡ ತೂತಿಗೆ ಇದೊಂದನ್ನೇ ನಂಬುವುದಿಲ್ಲ. ಅಗಿಯುವ ಭಾರಕ್ಕೆ ಮುರಿಯುತ್ತದೆ, ಸವೆಯುತ್ತದೆ. ಅಂಥ ಕಡೆ ಕೆಳಗೆ ಗ್ಲಾಸ್ ಅಯಾನೊಮರ್ ಹಾಕಿ ಮೇಲೆ ಕಾಂಪೊಸಿಟ್ ಕೂರಿಸುತ್ತೇನೆ. ಅಂಚು ವಸಡಿನ ಹತ್ತಿರವಿದ್ದರೆ ಆ ಬದಿಯಲ್ಲಿ ಸಿಮೆಂಟನ್ನು ಹೊರಗೆ ಕಾಣುವಂತೆಯೇ ಬಿಡುತ್ತೇನೆ. ಒಳಗೆ ಮುಚ್ಚಿಟ್ಟರೆ ಫ್ಲೋರೈಡ್ ಅಂಚಿಗೆ ತಲುಪುವುದಾದರೂ ಹೇಗೆ?